ಮೊಲ್ಡೊವಾದ ಹುಡುಗರ ಹಾಡು

2004ರ ಬೇಸಿಗೆಯಲ್ಲಿ ಜರ್ಮನಿಯಲ್ಲಿದ್ದವರು ಆ ಹಾಡನ್ನು ಕೇಳದೇ ಇರಲು ಸಾಧ್ಯವೇ ಇರಲಿಲ್ಲ. ಸೂಪರ್ ಮಾರ್ಕೆಟ್‌ನಲ್ಲಿ ಅದೇ, ಈಜುಕೊಳದ ಹತ್ತಿರ ಅದೇ, ಸಿಗ್ನಲ್‌ನಲ್ಲಿ ನಿಂತ ಕಾರುಗಳಲ್ಲೂ ಅದೇ. ಓ-ಝೋನ್ ಎಂಬ ತಂಡದ 'ದ್ರಾಗೊಸ್ತ್ಯಾ ದಿನ್ ತೇಯ್'. ಅಲ್ಲಿನ ಚಾರ್ಟ್‌ನಲ್ಲಿ 14 ವಾರ ಮೊದಲ ಸ್ಥಾನದಲ್ಲಿತ್ತು. ಹಾಡಿನ ಶುರುವಿನಲ್ಲಿ ಬರುವ ಕೂಗು ಎಲ್ಲರ ಬಾಯಲ್ಲೂ ಇತ್ತು. ಅದರ ಮುಂದಿನ ಸಾಲುಗಳು ಮಾತ್ರ ಯಾರಿಗೂ ಬರುತ್ತಿರಲಿಲ್ಲ.

ನಾನಾಗ ಬೆಂಗಳೂರಿನ ಆಫೀಸಿನಿಂದ ಕೆಲಸದ ಮೇಲೆ ಸ್ಟುಟ್‌ಗಾರ್ಟ್‌ಗೆ ಹೋಗಿದ್ದೆ. ಮೊಬೈಲ್‌ನಿಂದ ಊರಿಗೆ ಫೋನ್ ಮಾಡಿದರೆ ಸಂಬಳವೆಲ್ಲ ಅದಕ್ಕೇ ಹೋಗುತ್ತಿದ್ದ ಕಾಲ. ಹಾಗಾಗಿ ಭಾನುವಾರ ಬಂತೆಂದರೆ ಕಾಲ್ ಶಾಪ್. ಸಾಲಾಗಿ ಗಾಜಿನ ಬೂತ್‌ಗಳು, ಗೋಡೆಗೆ ಒಂದು ಟಿವಿ, ಗಲ್ಲಾದಲ್ಲಿ ಟರ್ಕಿಯ ಮಾಲೀಕ. ಸರದಿಯಲ್ಲಿ ಕೂತವರೆಲ್ಲ ಯಾವುದೋ ದೂರದ ಊರಿನವರು.

ಒಂದು ಭಾನುವಾರ ಟಿವಿಯಲ್ಲಿ ಆ ಹಾಡು ಬಂತು. ವಿಮಾನದ ರೆಕ್ಕೆಯ ಮೇಲೆ ಮೂವರು ಹುಡುಗರು ಕುಣಿಯುವ ವಿಡಿಯೋ. ಮಕ್ಕಳು ಎದ್ದು ಕುಣಿದವು. ನನ್ನ ಪಕ್ಕದಲ್ಲಿ ಕೂತಿದ್ದ ಹೆಂಗಸು ಸಣ್ಣ ದನಿಯಲ್ಲಿ ಹಾಡತೊಡಗಿದರು. ಬರೀ ಕೂಗಲ್ಲ, ಪ್ರತಿ ಸಾಲನ್ನೂ ತಡವರಿಸದೆ ಹಾಡಿದರು. ನಾನು ಬೆರಗಾಗಿ ಅವರತ್ತ ತಿರುಗಿದೆ.

"ನಮ್ಮ ಹುಡುಗರು" ಅಂದರು. ಅವರು ಮೊಲ್ಡೊವಾದವರು. ಒಂದು ಮನೆಯಲ್ಲಿ ವಯಸ್ಸಾದ ಅಜ್ಜಿಯೊಬ್ಬರನ್ನು ನೋಡಿಕೊಳ್ಳುವ ಕೆಲಸ. ಮಕ್ಕಳಿಬ್ಬರೂ ಊರಲ್ಲಿ, ಅವರ ತಾಯಿಯ ಹತ್ತಿರ. ಹಾಡಿನ ಕಥೆಯನ್ನೂ ಅವರೇ ಹೇಳಿದರು. ಹುಡುಗನೊಬ್ಬ ಹುಡುಗಿಗೆ ಫೋನ್ ಮಾಡುತ್ತಾನೆ. ಹಲೋ, ನಾನು ಅನ್ನುತ್ತಾನೆ. ನೀನು ಹೊರಟು ಹೋಗ್ತಿದ್ದೀಯ, ನನ್ನನ್ನು ಕರ್ಕೊಂಡು ಹೋಗ್ತಿಲ್ಲ ಅಂತ ಬೇಡುತ್ತಾನೆ. ಕಾಲ್ ಶಾಪ್‌ನಲ್ಲಿ ಕೂತು ಇದನ್ನು ಕೇಳಿದಾಗ ನನಗೆ ಗಂಟಲು ಕಟ್ಟಿತು. ಅಷ್ಟು ದಿನ ಬರೀ ಕುಣಿತದ ಹಾಡು ಅಂತಲೇ ಕೇಳಿದ್ದೆ.

ಆ ದೇಶದ ಜನಸಂಖ್ಯೆ ಆಗಿನ ಬೆಂಗಳೂರಿಗಿಂತ ಕಡಿಮೆ. ದುಡಿಯುವ ವಯಸ್ಸಿನ ಬಹಳಷ್ಟು ಜನ ರಷ್ಯಾ, ಇಟಲಿ ಅಂತ ಹೊರಗಿದ್ದರು. ಅವರು ಕಳಿಸುವ ಹಣವೇ ಎಷ್ಟೋ ಮನೆಗಳಿಗೆ ಆಧಾರ. ಹಾಡು ಬರೆದ ಡಾನ್ ಬಾಲನ್, ಜೊತೆಗಾರರಾದ ರಾದು ಸರ್ಬು, ಆರ್ಸೆನಿ ತೊದಿರಾಶ್ ಕೂಡ ಅವಕಾಶ ಹುಡುಕಿಕೊಂಡು ಪಕ್ಕದ ರೊಮೇನಿಯಾಕ್ಕೆ ಹೋದವರೇ. ಹಾಡು ಅಲ್ಲಿ 2003ರಲ್ಲೇ ಬಂದಿತ್ತು. ಮುಂದಿನ ವರ್ಷ ಯುರೋಪಿನ ತುಂಬ ಹರಡಿತು. ಫ್ರಾನ್ಸ್‌ನಲ್ಲಿ 15 ವಾರ ಮೊದಲ ಸ್ಥಾನ. ಬ್ರಿಟನ್‌ನಲ್ಲೂ ಮೂರನೇ ಸ್ಥಾನದವರೆಗೆ ಹೋಯಿತು.

ಅದೇ 2004ರ ಮೇ 1ರಂದು 10 ದೇಶಗಳು ಯುರೋಪಿಯನ್ ಒಕ್ಕೂಟಕ್ಕೆ ಸೇರಿದ್ದವು. ಮೊಲ್ಡೊವಾ ಅದರಲ್ಲಿ ಇರಲಿಲ್ಲ. ಮೊಲ್ಡೊವಾದವರೂ ಆಡುವ ರೊಮೇನಿಯನ್ ಭಾಷೆಯ ಆ ಹಾಡಿಗೆ ಯಾವ ಗಡಿಯೂ ಅಡ್ಡ ಬಂದಿರಲಿಲ್ಲ. ಆ ತಾಯಿಗೆ ಮಾತ್ರ ಮಕ್ಕಳನ್ನು ನೋಡಿ ಬರಬೇಕಾದರೆ ವೀಸಾ, ಕಾಗದಪತ್ರ, ಕಾಯುವಿಕೆ.

ಯೂರೋಡಾನ್ಸ್ ನನಗೆ ಕಾಲೇಜಿನ ದಿನಗಳಿಂದಲೂ ಇಷ್ಟ. ಒಂದೇ ಸಮನೆ ಬಡಿಯುವ ಡ್ರಮ್, ಸಿಂಥಸೈಜರ್‌ನ ರಾಗ, ಮತ್ತೆ ಮತ್ತೆ ಬರುವ ಪಲ್ಲವಿ. ಆದರೆ 90ರ ದಶಕದ ದೊಡ್ಡ ಹಿಟ್‌ಗಳನ್ನು ನೋಡಿ. ಮಾಡಿದವರು ಜರ್ಮನಿ, ಇಟಲಿ, ಸ್ವೀಡನ್‌ನವರಾದರೂ ಹಾಡು ಹೆಚ್ಚಾಗಿ ಇಂಗ್ಲಿಷಿನಲ್ಲೇ. ಹೊರಗೆ ಮಾರಾಟ ಆಗಬೇಕಲ್ವಾ? ಇಲ್ಲಿ ರೊಮೇನಿಯನ್ ಹಾಡು ರೊಮೇನಿಯನ್ ಆಗಿಯೇ ಗೆದ್ದಿತು. ಬಾಲನ್ ಮಾಡಿದ್ದು ನನಗೆ ತುಂಬಾ ಜಾಣತನದ ಕೆಲಸ ಅನಿಸುತ್ತದೆ. ಮೊದಲು ಯಾವ ಭಾಷೆಗೂ ಸೇರದ ಕೂಗಿನಿಂದ ಎಲ್ಲರನ್ನೂ ಒಳಗೆ ಕರೆದರು. ಆಮೇಲೆ ಮನಸ್ಸಿನ ಮಾತನ್ನು ತಮ್ಮ ಭಾಷೆಯಲ್ಲೇ ಹೇಳಿದರು. ಕನ್ನಡದ ಹಾಡು ಹೊರಗಿನವರಿಗೆ ಹತ್ತಲ್ಲ ಅಂತ ಯಾರಾದರೂ ಅಂದರೆ ನಾನು ಇವತ್ತಿಗೂ ಈ ಹಾಡಿನ ಉದಾಹರಣೆ ಕೊಡುತ್ತೇನೆ.

ನನ್ನ ಸರದಿ ಬಂತು. ಬೂತ್‌ನ ಬಾಗಿಲು ಹಾಕಿದರೂ ಹಾಡು ಕೇಳುತ್ತಲೇ ಇತ್ತು, ಮಾಲೀಕರು ಸೌಂಡ್ ಜಾಸ್ತಿ ಮಾಡಿದ್ದರು.

"ಏನೋ ಅದು ಗಲಾಟೆ?" ಅಂದರು ಅಮ್ಮ.

"ಹಾಡಮ್ಮ, ಕೇಳು" ಅಂತ ಬಾಗಿಲು ತೆಗೆದು ರಿಸೀವರ್ ಹೊರಗೆ ಹಿಡಿದೆ.

"ತಾಳ ಚೆನ್ನಾಗಿದೆ ಕಣೋ. ಊಟ ಆಯ್ತಾ?"

ಹೊರಗೆ ಬಂದಾಗ ಆ ಹೆಂಗಸು ಪಕ್ಕದ ಬೂತ್‌ನಲ್ಲಿ ಮಕ್ಕಳ ಜೊತೆ ಮಾತಾಡುತ್ತಿದ್ದರು. ಗಾಜಿನಾಚೆಯಿಂದ ಕೈ ಬೀಸಿದರು. ಆಗ ಅಂಗಡಿಗಳಲ್ಲಿ ಈ ಹಾಡಿನ ಎರಡು ಸಿಡಿ ಸಿಗುತ್ತಿದ್ದವು. ರೊಮೇನಿಯಾದ ಗಾಯಕಿ ಹೈದುಚಿ ಹಾಡಿದ್ದು ಇಟಲಿಯಲ್ಲಿ ಮೊದಲೇ ಹಿಟ್ ಆಗಿತ್ತು. "ತಗೊಂಡರೆ ಓ-ಝೋನ್‌ದೇ ತಗೋ" ಅಂತ ಆ ಹೆಂಗಸು ಮೊದಲೇ ಹೇಳಿದ್ದರು. ಅದನ್ನೇ ಕೊಂಡೆ.

ತಂಡ 2005ರಲ್ಲಿ ಒಡೆಯಿತು. 2008ರಲ್ಲಿ ಅಮೆರಿಕದ ರ‍್ಯಾಪ್ ಗಾಯಕ ಟಿ.ಐ. ಮತ್ತು ಗಾಯಕಿ ರಿಹಾನಾ ಅದೇ ರಾಗ ಬಳಸಿದ 'ಲಿವ್ ಯುವರ್ ಲೈಫ್' ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಅಲ್ಲಿದ್ದ ಗೆಳೆಯ ಅದನ್ನು ಹೊಗಳಿ ಮೇಲ್ ಬರೆದ. ನಾನು ಅವನಿಗೆ ಮೂಲ ಹಾಡಿನ ಹೆಸರು, ಮೂವರು ಹುಡುಗರ ಹೆಸರು, ಅವರ ದೇಶದ ಹೆಸರು ಎಲ್ಲ ಬರೆದು, ಮೊದಲು ಇದನ್ನು ಕೇಳು ಅಂದೆ.