ನಿಂಬೆಹಣ್ಣಿಗಿಂತ ಮೊದಲು ಟೈರು

ಆಯುಧಪೂಜೆಯ ಹಿಂದಿನ ದಿನ ಮೈಸೂರಿನಲ್ಲಿ ಗಾಡಿಗೆ ವಾಟರ್ ವಾಶ್ ಮಾಡಿಸಬೇಕು ಅಂದರೆ ಕಾಫಿಗೂ ಮೊದಲೇ ಹೋಗಿ ಸಾಲಿನಲ್ಲಿ ನಿಲ್ಲಬೇಕು. ಕುವೆಂಪುನಗರದ ನಮ್ಮ ಗ್ಯಾರೇಜಿನ ಮುಂದೆ ಆಟೋ, ಬೈಕು, ಕಾರು ಎಲ್ಲ ಸೇರಿ ಅರ್ಧ ರಸ್ತೆ ಮುಚ್ಚಿಹೋಗಿತ್ತು. ಎಲ್ಲರಿಗೂ ಗಾಡಿ ಫಳಫಳ ಹೊಳೆಯಬೇಕು. ನಾನು ಮರುದಿನ ಮಗಳನ್ನು ಕೂರಿಸಿಕೊಂಡು ಪಾಂಡವಪುರದ ಆಚೆ ಇರುವ ತವರಿಗೆ ಹೊರಡುವವಳಿದ್ದೆ. “ತೊಳೆಯೋದು ಆಮೇಲೆ. ಮೊದಲು ಟೈರು, ವೈಪರ್, ಲೈಟು ನೋಡಿ” ಅಂದೆ. “ಇವತ್ತು ಇದನ್ನ ಕೇಳಿದೋರು ನೀವೊಬ್ರೇ ಅಕ್ಕ” ಅಂತ ಮೆಕ್ಯಾನಿಕ್ ನಕ್ಕರು.

ನಮ್ಮ ಕಡೆ ಅಕ್ಟೋಬರ್ ತಿಂಗಳನ್ನು ನಂಬುವ ಹಾಗಿಲ್ಲ. ಮಧ್ಯಾಹ್ನ ಸುಡುವ ಬಿಸಿಲು, ಸಂಜೆ ಗುಡುಗು ಮಳೆ. ಮುಂಗಾರಿನ ಹಾಗೆ ದಿನವಿಡೀ ಜಿಟಿಜಿಟಿ ಹಿಡಿಯುವುದಿಲ್ಲ, ಒಂದೇ ಸಲ ಸುರಿದು ರಸ್ತೆಯನ್ನು ಕೆರೆ ಮಾಡಿ ಹೋಗುತ್ತದೆ. ಒಣಗಿದ ರಸ್ತೆಯ ಮೇಲೆ ಕೂತಿದ್ದ ಎಣ್ಣೆ, ಧೂಳು ಮೊದಲ ಹನಿಗಳ ಜೊತೆ ಸೇರಿದಾಗಲೇ ಜಾರುವುದು ಜಾಸ್ತಿ. ಜೋರು ಮಳೆ ಬಂದು ತೊಳೆದುಹೋದರೆ ಎಷ್ಟೋ ವಾಸಿ.

ಮೆಕ್ಯಾನಿಕ್ ಟೈರಿನ ಗೆರೆಯೊಳಗೆ ಬೆರಳಿಟ್ಟು ತೋರಿಸಿದರು. ತಳದಲ್ಲಿ ಅಡ್ಡಡ್ಡವಾಗಿ ಸಣ್ಣ ದಿಣ್ಣೆಗಳಿವೆ. ಟೈರು ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂತು ಅಂದರೆ ಗೆರೆಯ ಆಳ 1.6 ಮಿಲಿಮೀಟರ್‌ಗೆ ಇಳಿದಿದೆ ಅಂತ ಲೆಕ್ಕ. ಅಲ್ಲಿಗೆ ಟೈರಿನ ಆಯಸ್ಸು ಮುಗಿಯಿತು. ಗೆರೆಗಳು ಇರುವುದೇ ಟೈರಿನ ಅಡಿಯ ನೀರನ್ನು ಆಚೆ ತಳ್ಳುವುದಕ್ಕೆ. ಬೋಳು ಟೈರು ನೀರಿನ ಮೇಲೆ ತೇಲಿಬಿಡುತ್ತದೆ. ಆಗ ಸ್ಟೀರಿಂಗ್ ಹಗುರವಾಗುತ್ತದೆ, ಬ್ರೇಕ್ ತುಳಿದರೂ ಗಾಡಿ ಮಾತು ಕೇಳುವುದಿಲ್ಲ. ನಮ್ಮ ಕಾರಿನ ಹಿಂದಿನ ಎರಡೂ ಆ ಮಟ್ಟಕ್ಕೆ ಹತ್ತಿರ ಬಂದಿದ್ದವು. ಹಬ್ಬದ ಸೀರೆಯ ದುಡ್ಡು ಅಲ್ಲಿಗೆ ಹೋಯಿತು. ಬೇಸಿಗೆಯ ಬಿಸಿಲಿಗೆ ವೈಪರಿನ ರಬ್ಬರ್ ಗಟ್ಟಿಯಾಗಿತ್ತು, ಅದನ್ನೂ ಹಾಕಿಸಿದೆ. ಸ್ಟೆಪ್ನಿಗೂ ಸೇರಿಸಿ ಗಾಳಿ ಚೆಕ್ ಆಯಿತು. ಎಷ್ಟು ಗಾಳಿ ಬೇಕು ಅಂತ ಡ್ರೈವರ್ ಕಡೆಯ ಬಾಗಿಲ ಚೌಕಟ್ಟಿನಲ್ಲೇ ಅಂಟಿಸಿರುತ್ತಾರೆ. ಅದು ಟೈರು ತಣ್ಣಗಿದ್ದಾಗಿನ ಲೆಕ್ಕ.

ಹಬ್ಬದ ದಿನ ಬೆಳಿಗ್ಗೆ ಅತ್ತೆಯ ಜೊತೆ ಸಣ್ಣ ಜಗಳ. ನಮ್ಮ ಬೀದಿಯಲ್ಲಿ ಅರ್ಧಕ್ಕರ್ಧ ಕಾರುಗಳಿಗೆ ಎರಡೂ ಹೆಡ್‌ಲೈಟು ಮುಚ್ಚುವ ಹಾಗೆ ಬಾಳೆಕಂದು ಕಟ್ಟಿದ್ದರು. ಗಾಜಿನ ಮೇಲೆ ವಿಭೂತಿ ಪಟ್ಟೆ, ನಂಬರ್ ಪ್ಲೇಟಿನ ಮೇಲೆ ಸೇವಂತಿಗೆ ಹಾರ. ಬಾಳೆಕಂದು ಗೇಟಿಗೆ ಕಟ್ಟೋಣ, ಅರಿಶಿನ ಕುಂಕುಮ ಬಾನೆಟ್ಟಿಗೆ ಇಡೋಣ ಅಂದೆ. “ಬಾಳೆಕಂದು ಇಲ್ದೆ ಅದೆಂಥ ಪೂಜೆನಮ್ಮ?” ಅಂದರು ಅತ್ತೆ. ಕೊನೆಗೆ ಪೂಜೆ ಮುಗಿಯುವ ತನಕ ಕಟ್ಟಿ, ಹೊರಡುವ ಮುಂಚೆ ಬಿಚ್ಚುವುದು ಅಂತ ರಾಜಿಯಾಯಿತು. ಬಿಚ್ಚಿದ ಮೇಲೆ ವೈಪರಿನ ಬುಡದ ಸಂದಿಯಿಂದ ಎಸಳುಗಳನ್ನು ಒಂದೊಂದಾಗಿ ಹೆಕ್ಕಿದೆ. ನೀರು ಹರಿದುಹೋಗುವ ತೂತು ಅಲ್ಲೇ ಇರುವುದು. ಹೂವು ಕೊಳೆತು ಕಟ್ಟಿಕೊಂಡರೆ ಮಳೆನೀರು ಕಾಲಡಿಗೆ ಬರುತ್ತದೆ.

ಬೂದುಗುಂಬಳ ಒಡೆದೆವು, ಹೋಳುಗಳನ್ನು ಆಗಲೇ ಗುಡಿಸಿ ತೆಗೆದೆವು. ನಡುರಸ್ತೆಯಲ್ಲಿ ಒಡೆದು ಹಾಗೇ ಬಿಟ್ಟು ಹೋಗುವ ಭಕ್ತಿ ನನಗಂತೂ ಅರ್ಥವಾಗಿಲ್ಲ. ದೃಷ್ಟಿ ಹೋಗುವುದು ನಮ್ಮ ಗಾಡಿಗೆ, ಬೀಳುವುದು ಹಿಂದೆ ಬರುವ ಬೈಕಿನವನು. ಅವತ್ತು ರಿಂಗ್ ರೋಡ್ ಮುಟ್ಟುವುದರೊಳಗೇ ಒಬ್ಬ ಹುಡುಗ ಕುಂಬಳದ ತಿರುಳಿನ ಮೇಲೆ ಜಾರಿ ಬಿದ್ದಿದ್ದ. ಪುಣ್ಯಕ್ಕೆ ಮೊಣಕೈ ತರಚಿತ್ತು ಅಷ್ಟೇ.

ದಸರಾ ಜನಜಂಗುಳಿ ದಾಟಿ ಬೆಂಗಳೂರು ಹೆದ್ದಾರಿಗೆ ಬಂದಾಗ ಮೋಡ ಕಟ್ಟಿತ್ತು, ಶ್ರೀರಂಗಪಟ್ಟಣ ಬರುವಷ್ಟರಲ್ಲಿ ಸುರಿಯತೊಡಗಿತು. ಅಲ್ಲಿ 100ರ ಮಿತಿ ಇದೆ. ಮಿತಿ ಇದೆ ಅಂತ ಮಳೆಯಲ್ಲೂ ಅಷ್ಟೇ ವೇಗದಲ್ಲಿ ಹೋಗಬೇಕು ಅಂತಲ್ಲ ಅಲ್ವಾ? 100ರಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. ನಾವು ಗಾಬರಿಯಾಗಿ ಬ್ರೇಕಿಗೆ ಕಾಲು ತರುವಷ್ಟರಲ್ಲೇ ಅದು ಮುಗಿದಿರುತ್ತದೆ. ನಾನು 60ಕ್ಕೆ ಇಳಿಸಿ ಎಡಕ್ಕೆ ಬಂದೆ. ಒಳಗಿನಿಂದ ಗಾಜು ಮಂಜಾಗುತ್ತಿತ್ತು. ಮಗಳು ಚಳಿ ಅಂತ ಗೊಣಗಿದರೂ ಎಸಿ ಹಾಕಿ ಗಾಳಿಯನ್ನು ಗಾಜಿನ ಕಡೆ ತಿರುಗಿಸಿದೆ. ಎಸಿ ಒಳಗಿನ ತೇವ ಹೀರಿಕೊಳ್ಳುತ್ತದೆ, ಬಟ್ಟೆಯಿಂದ ಒರೆಸುವ ಕೆಲಸ ಇರುವುದಿಲ್ಲ. ಸುತ್ತಲಿನ ಕಾರುಗಳು ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಓಡುತ್ತಿದ್ದವು. ಈ ಅಭ್ಯಾಸ ಎಲ್ಲಿಂದ ಬಂತೋ! ಯಾರು ಲೇನ್ ಬದಲಿಸುತ್ತಿದ್ದಾರೆ ಅಂತ ಗೊತ್ತೇ ಆಗುವುದಿಲ್ಲ. ಅದು ಕೆಟ್ಟು ನಿಂತ ಗಾಡಿಗೆ ಇರುವ ದೀಪ.

2023ರ ಆಗಸ್ಟ್ 1ರಿಂದ ಆ ಹೆದ್ದಾರಿಯ ಮುಖ್ಯ ಪಥದಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಬಿಡುವುದಿಲ್ಲ. ಪಾಂಡವಪುರದ ಕಡೆ ತಿರುಗಿದರೆ ಅವೆಲ್ಲ ಒಟ್ಟಿಗೆ ಎದುರಾಗುತ್ತವೆ. ಕತ್ತಲಾಗಿತ್ತು. ಎದುರಿನಿಂದ ಬಂದ ಲಾರಿ ಡಿಮ್ ಮಾಡಲಿಲ್ಲ. ನಾನು ಲಾರಿಯ ಬೆಳಕು ಬಿಟ್ಟು ರಸ್ತೆಯ ಎಡ ಅಂಚಿನ ಬಿಳಿ ಗೆರೆ ನೋಡುತ್ತಾ ನಿಧಾನಕ್ಕೆ ಹೋಗುತ್ತಿದ್ದೆ. ಲಾರಿ ದಾಟಿದ್ದೇ ಮುಂದೆ ಏನೋ ಕಪ್ಪಗೆ ಗೋಡೆ ಥರ ನಿಂತಿದೆ! ಕಬ್ಬಿನ ಟ್ರೈಲರ್. ಹಿಂದೆ ಒಂದು ದೀಪವಿಲ್ಲ, ಇದ್ದರೂ ಇಳಿಬಿದ್ದ ಗರಿಯೊಳಗೆ ಕಾಣುವುದಿಲ್ಲ. ಬ್ರೇಕ್ ಒತ್ತಿದೆ. ಹೊಸ ಟೈರು ಹಿಡಿಯಿತು, ಕಾರು ಅತ್ತಿತ್ತ ಎಳೆಯದೆ ನಿಂತಿತು. ಮಗಳು, “ಅಮ್ಮ, ಅದು ಟ್ರ್ಯಾಕ್ಟರಾ?” ಅಂದಳು.

ಮುಂದಿನ ದಾರಿಯಲ್ಲಿ ನಾಲೆ ಪಕ್ಕದಲ್ಲೇ ಹರಿಯುತ್ತದೆ. 2018ರ ನವೆಂಬರಿನಲ್ಲಿ ಕನಗನಮರಡಿ ಹತ್ತಿರ ವಿಶ್ವೇಶ್ವರಯ್ಯ ನಾಲೆಗೆ ಖಾಸಗಿ ಬಸ್ ಬಿದ್ದು 30 ಜನ ಸತ್ತಿದ್ದು ಹಗಲು ಹೊತ್ತಿನಲ್ಲಿ. ಅದಾದ ಮೇಲೆ ನಾಲೆ ಏರಿಯ ಮೇಲೆ ನಾನು ಯಾರನ್ನೂ ಓವರ್‌ಟೇಕ್ ಮಾಡುವುದಿಲ್ಲ. ಹಿಂದಿನವರು ಎಷ್ಟು ಬೇಕಾದರೂ ಹಾರ್ನ್ ಹೊಡೆಯಲಿ. ಗದ್ದೆ ಬಯಲಿನ ಹುಳುಗಳು ಗಾಜಿಗೆ ಬಂದು ಬಡಿಯುತ್ತಿದ್ದವು. ಮಳೆ ನಿಂತಿತ್ತು. ಒಣ ವೈಪರ್ ಆಡಿಸಿದರೆ ಹುಳು ಅರೆದು ಗಾಜೆಲ್ಲ ಮಸುಕಾಗುತ್ತದೆ. ನೀರು ಚಿಮ್ಮಿಸಿ ಒರೆಸಿದೆ.

ಮನೆಯಲ್ಲಿ ಊಟಕ್ಕೆ ಕೂತಾಗ ಅಣ್ಣನ ಮೇಲೆ ಹರಿಹಾಯ್ದೆ. ಅವನೂ ಕಬ್ಬು ಸಾಗಿಸುವವನೇ. “ನಿನ್ ಟ್ರೈಲರಿಗೆ ಬೆಳಕಿಗೆ ಹೊಳೆಯೋ ರೇಡಿಯಂ ಸ್ಟಿಕ್ಕರ್ ಇದೆಯಾ?”

“ಕಬ್ಬು ತುಂಬುದ್ ಮೇಲೆ ಅದ್ಯಾರಿಗ್ ಕಾಣ್ತದವ್ವ?”

ಆ ಮಾತು ನಿಜ. ಹಿಂದಿನ ಹಲಗೆಗೆ ಅಂಟಿಸಿದರೆ ಗರಿ ಮುಚ್ಚಿಬಿಡುತ್ತದೆ. ಮರುದಿನ ಬನ್ನಿ ಕೊಟ್ಟು ಮುಗಿದ ಮೇಲೆ ಇಬ್ಬರೂ ಕೊಟ್ಟಿಗೆ ಮುಂದೆ ಕೂತು ಜಾಗ ಹುಡುಕಿದೆವು. ಗರಿ ಇಳಿಬೀಳದ ಕಡೆ, ಚಾಸಿಯ ಕೆಳಗಿನ ಕಬ್ಬಿಣದ ಪಟ್ಟಿಗೆ ಕೆಂಪು, ಎರಡೂ ಪಕ್ಕಕ್ಕೆ ಹಳದಿ. ಹೊರೆಯ ತುದಿಗೆ ಕಟ್ಟುವುದಕ್ಕೆ ಒಂದು ಉದ್ದನೆ ತಗಡಿಗೂ ರೇಡಿಯಂ ಸುತ್ತಿದೆವು. ಲೋಡ್ ಆದ ಮೇಲೆ ಹಗ್ಗಕ್ಕೆ ಸಿಕ್ಕಿಸಿದರೆ ಆಯಿತು. ಎರಡನೇ ಟ್ರೈಲರಿಗೆ ರೋಲ್ ಸಾಲಲಿಲ್ಲ. ಪಾಂಡವಪುರದಲ್ಲಿ ಅಂಗಡಿ ತೆಗೆದಿರುತ್ತದಾ ನೋಡಿಕೊಂಡು ಬರುತ್ತೇನೆ ಅಂತ ಅಣ್ಣ ಬೈಕ್ ಹತ್ತಿದ.