ತವರಿನ ಹನ್ನೊಂದು, ಹೊರಗಿನ ಹನ್ನೊಂದು

ಫುಟ್‌ಬಾಲ್‌ನಲ್ಲಿ ಹೊರ ಊರಿನ ಪಂದ್ಯ ಎಂದ ಕೂಡಲೇ ಬಹಳಷ್ಟು ಕೋಚ್‌ಗಳಿಗೆ ಮೊದಲು ಹೊಳೆಯುವುದು ಅಂಚಿನಿಂದ ದಾಳಿ ಮಾಡುವ ಒಬ್ಬ ವಿಂಗರ್‌ನನ್ನು ಬೆಂಚಿನಲ್ಲಿ ಕೂರಿಸಿ ಇನ್ನೊಬ್ಬ ಡಿಫೆಂಡರ್‌ನನ್ನು ಇಳಿಸುವ ಉಪಾಯ. ಹಿಂದೆ ನಾಲ್ವರಿದ್ದಲ್ಲಿ ಐವರಾಗುತ್ತಾರೆ. ಬೋರ್ಡಿನ ಮೇಲೆ ಭದ್ರವಾಗಿಯೇ ಕಾಣುತ್ತದೆ. ಮೈದಾನದಲ್ಲಿ ಆಗುವುದೇ ಬೇರೆ. ಚೆಂಡು ಕಿತ್ತುಕೊಂಡವನಿಗೆ ಮುಂದೆ ಪಾಸ್ ಕೊಡಲು ಜನ ಇರುವುದಿಲ್ಲ, ಉದ್ದಕ್ಕೆ ಒದೆಯುತ್ತಾನೆ, ಹತ್ತು ಸೆಕೆಂಡಿನಲ್ಲಿ ಅದೇ ಚೆಂಡು ಮತ್ತೆ ನಮ್ಮ ಪೆನಾಲ್ಟಿ ಬಾಕ್ಸಿನ ಮುಂದೆ. ಅರವತ್ತು ನಿಮಿಷ ಹೀಗೆ ತಡೆಯಬಹುದು, ತೊಂಬತ್ತು ಕಷ್ಟ.

ತವರಿಗೂ ಹೊರಗಿಗೂ ತಂಡ ಬದಲಾಗಬೇಕು, ಒಪ್ಪೋಣ. ಆದರೆ ಅದಕ್ಕೆ ಅಳತೆಗೋಲು ಡಿಫೆಂಡರ್‌ಗಳ ಸಂಖ್ಯೆಯಲ್ಲ. ಚೆಂಡನ್ನು ಎಲ್ಲಿ ಕಳೆದುಕೊಂಡರೆ ನಡೆಯುತ್ತದೆ, ಎಲ್ಲಿ ಕಳೆದುಕೊಂಡರೆ ನಡೆಯುವುದಿಲ್ಲ ಎಂಬುದನ್ನು ಮೊದಲು ತೀರ್ಮಾನಿಸಿ ಆಮೇಲೆ ಹೆಸರು ಬರೆಯಬೇಕು.

ಬೆಂಗಳೂರು ಎಫ್‌ಸಿಯ ಎರಡು ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಸೆಮಿಫೈನಲ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ತವರಿನಲ್ಲೊಂದು, ಹೊರಗೊಂದು ಪಂದ್ಯ ಆಡಿ ಎರಡರ ಗೋಲು ಕೂಡಿಸುವ ಲೆಕ್ಕ ಅದು. 2019ರ ಮಾರ್ಚ್‌ನಲ್ಲಿ ಗುವಾಹಟಿಗೆ ಹೋಗಿ ನಾರ್ತ್‌ಈಸ್ಟ್ ಯುನೈಟೆಡ್ ಎದುರು 1-2ರಿಂದ ಸೋತು ಬಂದ ತಂಡ, ಕಂಠೀರವದಲ್ಲಿ 3-0 ಗೆದ್ದು ಫೈನಲ್‌ಗೆ ಹೋಯಿತು. ಮೂರು ಗೋಲೂ ಬಂದದ್ದು ದ್ವಿತೀಯಾರ್ಧದಲ್ಲಿ. ಮರುವರ್ಷ ಕ್ರಮ ಉಲ್ಟಾ. ಮೊದಲು ಕಂಠೀರವದಲ್ಲಿ ಕೋಲ್ಕತ್ತದ ಎಟಿಕೆ ತಂಡದ ಎದುರು 1-0 ಗೆಲುವು, ನಂತರ ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ 1-3 ಸೋಲು. ಅಲ್ಲಿ ಆರಂಭದಲ್ಲೇ ಆಶಿಕ್ ಕುರುಣಿಯನ್ ಗೋಲು ಹೊಡೆದು ಒಟ್ಟು ಅಂತರ 2-0 ಆಗಿತ್ತು. ಅಲ್ಲಿಂದ ಮೂರು ಗೋಲು ಬಿಟ್ಟುಕೊಟ್ಟು ಹೊರಬಿದ್ದರು. ಎರಡೂ ವರ್ಷ ಕೋಚ್ ಒಬ್ಬರೇ, ಕಾರ್ಲೆಸ್ ಕ್ವಾಡ್ರಾತ್. ಹೊರಗೆ ಆಡುವ ತಂಡಕ್ಕೆ ಬೇಗ ಸಿಗುವ ಎರಡು ಗೋಲಿನ ಅಂತರದಷ್ಟು ಅಪಾಯ ಇನ್ನೊಂದಿಲ್ಲ ಎಂಬುದು ನನ್ನ ಲೆಕ್ಕ. ಯಾರೂ ಹೇಳದೆಯೇ ಇಡೀ ತಂಡ ಹತ್ತು ಮೀಟರ್ ಹಿಂದೆ ಸರಿಯುತ್ತದೆ, ಸ್ಟ್ರೈಕರ್ ಒಂಟಿಯಾಗುತ್ತಾನೆ, ಆಮೇಲೆ ಚೆಂಡು ಕಳೆದುಕೊಳ್ಳುವ ಜಾಗವನ್ನು ಎದುರಾಳಿಯೇ ಆರಿಸುತ್ತಾನೆ.

ಆಯ್ಕೆ ಶುರುವಾಗಬೇಕಾದದ್ದು ಎಡ-ಬಲ ಅಂಚಿನ ಡಿಫೆಂಡರ್‌ಗಳಾದ ಫುಲ್‌ಬ್ಯಾಕ್‌ಗಳಿಂದ. ತವರಿನಲ್ಲಿ ಎದುರಾಳಿ ಹಿಂದೆ ಕೂತು ಆಡುವುದೇ ಹೆಚ್ಚು. ಆಗ ಇಬ್ಬರೂ ಫುಲ್‌ಬ್ಯಾಕ್‌ಗಳು ಮೇಲೆ ಹೋಗಲಿ, ಹಿಂದೆ ನಡುವಿನ ಇಬ್ಬರು ಡಿಫೆಂಡರ್‌ಗಳು (ಸೆಂಟರ್‌ಬ್ಯಾಕ್) ಮತ್ತು ಅವರ ಮುಂದೆ ಕಾಯುವ ಒಬ್ಬ ಡಿಫೆನ್ಸಿವ್ ಮಿಡ್‌ಫೀಲ್ಡರ್ ಸಾಕು. ಹೊರಗೆ ಒಬ್ಬ ಮಾತ್ರ ಹೋಗಬೇಕು. ಇನ್ನೊಬ್ಬ ಸೆಂಟರ್‌ಬ್ಯಾಕ್‌ಗಳ ಪಕ್ಕ ಮೂರನೆಯವನಾಗಿ ನಿಲ್ಲಬೇಕು, ಅವರ ಮುಂದೆ ಮಿಡ್‌ಫೀಲ್ಡರ್. ದಾಳಿ ಮುರಿದು ಬಿದ್ದ ಕ್ಷಣದಲ್ಲಿ ನಾಲ್ವರು ಚೆಂಡಿನ ಹಿಂದೆ ಇದ್ದಂತಾಯಿತು. ಹೆಚ್ಚುವರಿ ಡಿಫೆಂಡರ್‌ನನ್ನು ಆಡಿಸದೆಯೇ ಸಿಕ್ಕ ನಾಲ್ಕನೆಯವನು ಎಂದರೆ ನಿಂತ ಈ ಫುಲ್‌ಬ್ಯಾಕ್. ಇಬ್ಬರಲ್ಲಿ ಯಾರು ಮೇಲೆ ಹೋಗಬೇಕು? ಕ್ರಾಸ್, ಅಂದರೆ ಅಂಚಿನಿಂದ ಗೋಲಿನ ಮುಂದಕ್ಕೆ ಚೆಂಡು, ಚೆನ್ನಾಗಿ ಹಾಕುವವನು ಎಂದು ತೀರ್ಮಾನಿಸುವುದು ಸಾಮಾನ್ಯ ತಪ್ಪು. ಎದುರಾಳಿಯ ಅತಿ ವೇಗದ ವಿಂಗರ್ ಯಾವ ಬದಿಯಲ್ಲಿದ್ದಾನೋ ಆ ಬದಿಯವನು ನಿಲ್ಲಬೇಕು, ಇನ್ನೊಂದು ಬದಿಯವನು ಹೋಗಬೇಕು. ಕ್ರಾಸ್ ಸ್ವಲ್ಪ ಒರಟಾಗಿದ್ದರೂ ಪರವಾಗಿಲ್ಲ.

ಡಿಫೆನ್ಸಿವ್ ಮಿಡ್‌ಫೀಲ್ಡರ್ ವಿಷಯದಲ್ಲಿ ತವರಿನ ಹುಡುಗನನ್ನೇ ಹೊರಗೂ ಆಡಿಸುವುದು ದುಬಾರಿಯಾಗಬಹುದು. ತವರಿನಲ್ಲಿ ಬೇಕಾದವನು ತಿರುಗಿ ಮುಂದಕ್ಕೆ ಪಾಸ್ ಹಾಕುವವನು, ಕೂತು ಆಡುವ ತಂಡವನ್ನು ಸೀಳುವವನು. ಹೊರಗೆ ಬೇಕಾದವನು ಬೆನ್ನ ಹಿಂದೆ ಆಟಗಾರ ಅಂಟಿಕೊಂಡಿದ್ದರೂ ಚೆಂಡನ್ನು ಒಂದೇ ಟಚ್‌ನಲ್ಲಿ ಫುಲ್‌ಬ್ಯಾಕ್‌ಗೆ ದಾಟಿಸುವವನು. ಪಾಸ್ ಅಂದವಾಗಿರಬೇಕಿಲ್ಲ. ಮೊದಲ ಹದಿನೈದು ನಿಮಿಷ ಒಂದೇ ನಿಯಮ ಕೊಡಿ: ನಮ್ಮ ಅರ್ಧದ ನಡುಭಾಗದಲ್ಲಿ ಅಡ್ಡ ಪಾಸ್ ಬೇಡ. ಚೆಂಡು ಹೋಗುವುದಿದ್ದರೆ ಎದುರಾಳಿಯ ಅರ್ಧದಲ್ಲಿ, ಟಚ್‌ಲೈನ್ ಪಕ್ಕದಲ್ಲಿ ಹೋಗಲಿ. ಅಲ್ಲಿ ಹೊರಗೆ ಹೋದರೆ ಥ್ರೋ-ಇನ್, ಅಷ್ಟರಲ್ಲಿ ಹನ್ನೊಂದು ಜನರೂ ತಮ್ಮ ಜಾಗಕ್ಕೆ ಬಂದಿರುತ್ತಾರೆ. ನಡುವೆ ಹೋದರೆ ಎರಡು ಪಾಸಿನಲ್ಲಿ ಗೋಲ್‌ಕೀಪರ್ ಎದುರಿಗೆ ಎದುರಾಳಿ ಇರುತ್ತಾನೆ.

ಸ್ಟ್ರೈಕರ್‌ನನ್ನು ಆರಿಸುವಾಗ ತವರಿನಲ್ಲಿ ಬಾಕ್ಸಿನೊಳಗಿನ ಮೊದಲ ಟಚ್ ನೋಡಿ, ಹೊರಗೆ ಮೂರು-ನಾಲ್ಕು ಸೆಕೆಂಡು ಚೆಂಡು ಹಿಡಿದಿಡುವ ಶಕ್ತಿ ನೋಡಿ. ಆ ನಾಲ್ಕು ಸೆಕೆಂಡಿನಲ್ಲೇ ಹಿಂದಿನ ಸಾಲು ಹದಿನೈದು ಮೀಟರ್ ಮೇಲೆ ಬರುತ್ತದೆ. ಪರೀಕ್ಷಿಸುವುದು ಸುಲಭ. ಅಭ್ಯಾಸದಲ್ಲಿ ಅವನ ಬೆನ್ನಿಗೆ ಒಬ್ಬ ಗಟ್ಟಿ ಸೆಂಟರ್‌ಬ್ಯಾಕ್‌ನನ್ನು ನಿಲ್ಲಿಸಿ ಇಪ್ಪತ್ತು ಉದ್ದನೆಯ ಚೆಂಡು ಕಳಿಸಿ. ಎಷ್ಟನ್ನು ಉಳಿಸಿಕೊಂಡ, ಎಷ್ಟರಲ್ಲಿ ಫೌಲ್ ಅಥವಾ ಥ್ರೋ-ಇನ್ ಗಿಟ್ಟಿಸಿದ ಎಂದು ಎಣಿಸಿ. ಎರಡೂ ಸೇರಿ ಹತ್ತು ದಾಟದಿದ್ದರೆ ಹೊರಗಿನ ಪಂದ್ಯಕ್ಕೆ ಅವನನ್ನು ಬದಲಿಯಾಗಿ ಇಟ್ಟುಕೊಳ್ಳುವುದೇ ಮೇಲು, ಅವನೆಷ್ಟೇ ದೊಡ್ಡ ಹೆಸರಾಗಿದ್ದರೂ.

ಇನ್ನು ಆ ಬೆಂಚಿಗೆ ಹೋದ ವಿಂಗರ್. ವೇಗದ ವಿಂಗರ್ ಹೊರಗಿನ ಪಂದ್ಯದಲ್ಲೇ ಹೆಚ್ಚು ಬೇಕು. ಅವನು ಅರ್ಧಗೆರೆಯ ಬಳಿ ಸುಮ್ಮನೆ ನಿಂತಿದ್ದರೂ ಎದುರಾಳಿಯ ಫುಲ್‌ಬ್ಯಾಕ್ ಮೇಲೆ ಬರಲು ಎರಡು ಸಲ ಯೋಚಿಸುತ್ತಾನೆ. ಅವನನ್ನು ತೆಗೆದು ಐದನೇ ಡಿಫೆಂಡರ್ ಹಾಕಿದರೆ ಎದುರಾಳಿಗೆ ಒಬ್ಬ ದಾಳಿಕಾರನನ್ನು ಪುಕ್ಕಟೆ ಕೊಟ್ಟ ಹಾಗೆ.

ಎಲ್ಲಿಂದ ಪ್ರೆಸ್ ಮಾಡಬೇಕು, ಅಂದರೆ ಚೆಂಡಿರುವ ಎದುರಾಳಿಯ ಮೇಲೆ ಎಲ್ಲಿಂದ ಮುಗಿಬೀಳಬೇಕು ಎಂಬುದು ಮುಂದಿನ ಪ್ರಶ್ನೆ. ಹೊರಗೆ ಆಡುವಾಗ ಸ್ಟ್ರೈಕರ್‌ನಿಂದ ಕೊನೆಯ ಡಿಫೆಂಡರ್‌ವರೆಗೆ 25ರಿಂದ 30 ಮೀಟರ್ ಇರಲಿ, ಸ್ಟ್ರೈಕರ್ ನಡುವೃತ್ತದ ಆಚೆ ಅಂಚಿನಲ್ಲಿ ಕಾಯಲಿ. ತವರಿನಲ್ಲಿ ಇದೇ ಕಟ್ಟನ್ನು ಹತ್ತು-ಹದಿನೈದು ಮೀಟರ್ ಮೇಲಕ್ಕೆ ದಬ್ಬಬಹುದು. ಕೆಡುವುದು ಯಾವಾಗ? ಸ್ಟ್ರೈಕರ್ ಉತ್ಸಾಹದಲ್ಲಿ ಒಬ್ಬನೇ ಗೋಲ್‌ಕೀಪರ್‌ವರೆಗೆ ಓಡಿದಾಗ. ಹಿಂದಿನವರು ಹೊರಟಿರುವುದಿಲ್ಲ, 30 ಮೀಟರ್ 45 ಆಗುತ್ತದೆ, ನಡುವೆ ಬೀದಿಯಷ್ಟು ಖಾಲಿ ಜಾಗ. ಇದಕ್ಕೆ ಗದ್ದಲವೂ ಕಾರಣ. ಕೊಚ್ಚಿಯ ಕಲೂರು ಸ್ಟೇಡಿಯಂನಲ್ಲೋ ಸಾಲ್ಟ್ ಲೇಕ್‌ನಲ್ಲೋ ಜನ ತುಂಬಿದ ದಿನ ಹತ್ತು ಮೀಟರ್ ದೂರದ ಕೂಗು ಕೇಳುವುದಿಲ್ಲ. ಆದ್ದರಿಂದ ಪ್ರೆಸ್ ಶುರುವಾಗುವ ಗುರುತುಗಳನ್ನು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಎದುರಾಳಿ ಗೋಲ್‌ಕೀಪರ್‌ಗೆ ಹಿಮ್ಮುಖ ಪಾಸ್ ಕೊಟ್ಟಾಗ, ಫುಲ್‌ಬ್ಯಾಕ್ ತನ್ನ ಗೋಲಿನ ಕಡೆ ಮುಖ ಮಾಡಿ ಚೆಂಡು ಪಡೆದಾಗ, ಮೊದಲ ಟಚ್ ಮೊಣಕಾಲಿನಷ್ಟು ಎತ್ತರಕ್ಕೆ ಎದ್ದಾಗ. ಈ ಮೂರು ಸಾಕು, ನಾಲ್ಕನೆಯದು ಸೇರಿಸಿದರೆ ಯಾರಿಗೂ ನೆನಪಿರುವುದಿಲ್ಲ. ಕೂಗು ಕೇಳದ ಮೈದಾನದಲ್ಲಿ ಹೊಸ ಸೆಂಟರ್‌ಬ್ಯಾಕ್ ಜೋಡಿಯನ್ನು ಮೊದಲ ಬಾರಿಗೆ ಆಡಿಸುವುದು ಬೇಡವೇ ಬೇಡ. ಗಾಯವೋ ನಿಷೇಧವೋ ಆಗಿ ಬೇರೆ ದಾರಿ ಇಲ್ಲದಿದ್ದರೆ, ಹೊಸಬನ ಪಕ್ಕದ ಫುಲ್‌ಬ್ಯಾಕ್ ಆದರೂ ಹಳಬನಾಗಿರಲಿ.

ಗದ್ದಲದ ಪರಿಣಾಮ ಎಷ್ಟು ಎಂಬುದಕ್ಕೆ ಕೋವಿಡ್ ಕಾಲ ಒಂದು ಪ್ರಯೋಗವನ್ನೇ ಮಾಡಿಕೊಟ್ಟಿತು. ಬಹುಪಾಲು ಖಾಲಿ ಸ್ಟೇಡಿಯಂಗಳಲ್ಲಿ ನಡೆದ 2020-21ರ ಇಂಗ್ಲಿಷ್ ಪ್ರೀಮಿಯರ್ ಲೀಗ್‌ನ 380 ಪಂದ್ಯಗಳಲ್ಲಿ ತವರಿನ ತಂಡ ಗೆದ್ದದ್ದು 144, ಹೊರಗಿನ ತಂಡ ಗೆದ್ದದ್ದು 153. ತವರಿನ ಗೆಲುವಿಗಿಂತ ಹೊರಗಿನ ಗೆಲುವು ಹೆಚ್ಚಾದದ್ದು ಅಲ್ಲಿನ ಅಗ್ರ ಲೀಗ್‌ನ ಚರಿತ್ರೆಯಲ್ಲೇ ಮೊದಲು. ಪ್ರೇಕ್ಷಕರಿಲ್ಲದಾಗ ಹೊರಗಿನ ತಂಡಕ್ಕೆ ಬೀಳುವ ಹಳದಿ ಕಾರ್ಡುಗಳೂ ಕಡಿಮೆಯಾದವು ಎಂದು ಯುರೋಪಿನ ಅಧ್ಯಯನಗಳು ಹೇಳಿವೆ. ಆಯ್ಕೆಗೆ ಇದರ ಅರ್ಥ ನೇರವಾಗಿದೆ. ಮೈಮೇಲೆ ಬಿದ್ದು ಟ್ಯಾಕಲ್ ಮಾಡುವ ಮಿಡ್‌ಫೀಲ್ಡರ್‌ನನ್ನು ತುಂಬಿದ ಹೊರ ಸ್ಟೇಡಿಯಂನಲ್ಲಿ ಆಡಿಸಿದರೆ, ಅವನಿಗೆ ಹಳದಿ ಕಾರ್ಡು ಬಿದ್ದ ಕೂಡಲೇ ಎದ್ದು ಬರಬೇಕಾದ ಬದಲಿ ಯಾರು ಎಂಬುದು ಮೊದಲೇ ಬರೆದಿರಬೇಕು.

ಹವೆ ಮತ್ತು ನೆಲವನ್ನು ನಮ್ಮಲ್ಲಿ ಹಗುರವಾಗಿ ನೋಡುತ್ತಾರೆ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿರುವ, ಸಂಜೆ ತಂಪಾಗುವ ಊರು. ಇಲ್ಲಿ ಅಭ್ಯಾಸ ಮಾಡಿದವರು ಕೊಚ್ಚಿ, ಚೆನ್ನೈ, ಗೋವಾಕ್ಕೆ ಹೋದಾಗ ಕಾಡುವುದು ಬಿಸಿಲಲ್ಲ, ಪಂದ್ಯ ರಾತ್ರಿಯದೇ. ಕಾಡುವುದು ತೇವ. ಬೆವರು ಸುರಿಯುತ್ತದೆ, ಆರುವುದಿಲ್ಲ, ಮೈ ತಣಿಯುವುದಿಲ್ಲ. ಅಭ್ಯಾಸದ ಮೊದಲು ಮತ್ತು ನಂತರ ಪ್ರತಿಯೊಬ್ಬನ ತೂಕ ನೋಡಿ. 70 ಕೆಜಿಯವನು 1.4 ಕೆಜಿಗಿಂತ ಹೆಚ್ಚು, ಅಂದರೆ ಶೇ 2ಕ್ಕಿಂತ ಹೆಚ್ಚು ಇಳಿದಿದ್ದರೆ ಅವನ ಓಟ ಕುಸಿಯುವ ಸಾಧ್ಯತೆ ಹೆಚ್ಚು. ಅಂಥವನಿಗೆ ಬರೀ ನೀರು ಸಾಲದು, ಉಪ್ಪಿನಂಶವೂ ಬೇಕು. ಆದರೂ ಇಳಿಯುತ್ತಿದ್ದರೆ ಕರಾವಳಿಯ ಪಂದ್ಯದಲ್ಲಿ ಅವನಿಗೆ ಅರವತ್ತು ನಿಮಿಷದ ಕೆಲಸ ಮಾತ್ರ ಕೊಡಿ.

ಮಿಜೋರಾಂನ ಐಜಾಲ್‌ನದು ಇನ್ನೊಂದು ಕಥೆ. ಬೆಟ್ಟದ ಊರು, ಕೃತಕ ಹುಲ್ಲಿನ ಮೈದಾನ, ಸಣ್ಣ ಮೈಕಟ್ಟಿನ ಚುರುಕು ಹುಡುಗರು. 2016-17ರಲ್ಲಿ ರಾಷ್ಟ್ರೀಯ ಮಟ್ಟದ ಐ-ಲೀಗ್ ಗೆದ್ದ ಐಜಾಲ್ ಎಫ್‌ಸಿಗೆ ಆ ನೆಲ ಮನೆಯಂಗಳ. ಕೃತಕ ಹುಲ್ಲಿನ ಮೇಲೆ ಚೆಂಡು ಬೇಗ ಉರುಳುತ್ತದೆ, ಪುಟಿತ ಎತ್ತರ, ಜಾರಿ ಟ್ಯಾಕಲ್ ಮಾಡಿದರೆ ಚರ್ಮ ಕಿತ್ತುಹೋಗುತ್ತದೆ. ನಿಧಾನಗತಿಯ, ಎತ್ತರದ ಸೆಂಟರ್‌ಬ್ಯಾಕ್ ಅಲ್ಲಿ ಬೆನ್ನ ಹಿಂದೆ ಬೀಳುವ ಚೆಂಡಿಗೆ ಸೋಲುತ್ತಾನೆ. ಉದ್ದನೆಯ ಸ್ಟಡ್‌ಗಳ ಬೂಟು ಬಿಟ್ಟು ಗಿಡ್ಡ, ಒತ್ತೊತ್ತಾದ ಸ್ಟಡ್‌ಗಳಿರುವುದನ್ನು ಹಾಕಿಸಿ. ಇಲ್ಲವಾದರೆ ಕಾಲು ನೆಲಕ್ಕೆ ಕಚ್ಚಿಕೊಂಡು ಮೊಣಕಾಲು ತಿರುಚುತ್ತದೆ. ಎತ್ತರದ ವಿಷಯದಲ್ಲಿ ಬೊಲಿವಿಯಾದ ಮುಂದೆ ಇವೆಲ್ಲ ಏನೂ ಅಲ್ಲ ಬಿಡಿ. 3,600 ಮೀಟರ್ ಎತ್ತರದ ಲಾ ಪಾಜ್‌ನಲ್ಲಿ 2009ರಲ್ಲಿ ಮರಡೋನಾ ಕೋಚ್ ಆಗಿದ್ದ, ಮೆಸ್ಸಿ ಆಡಿದ್ದ ಅರ್ಜೆಂಟೀನಾ 1-6ರಿಂದ ಸೋತಿತ್ತು.

ಹಿಂದಿನ ದಿನ ಪಂದ್ಯದ ಮೈದಾನದಲ್ಲೇ ಅಭ್ಯಾಸಕ್ಕೆ ಸಮಯ ಸಿಕ್ಕರೆ ಅದನ್ನು ಓಟದಲ್ಲಿ ಕಳೆಯಬೇಡಿ. ದೀಪ ಹಾಕಿಸಿ ಎರಡೂ ಬದಿಯಿಂದ ಗೋಲ್‌ಕೀಪರ್‌ಗೆ ಹತ್ತತ್ತು ಎತ್ತರದ ಕ್ರಾಸ್ ಕಳಿಸಿ. ಯಾವ ಮೂಲೆಯ ದೀಪ ಕಣ್ಣಿಗೆ ಹೊಡೆಯುತ್ತದೆ ಎಂಬುದು ಅಲ್ಲಿ ಗೊತ್ತಾಗಬೇಕು, ಪಂದ್ಯದಲ್ಲಲ್ಲ. ಕಾರ್ನರ್ ಹೊಡೆಯುವವನು ಎಷ್ಟು ಹೆಜ್ಜೆ ಹಿಂದೆ ಹೋಗಬಹುದು ನೋಡಿ. ಕಂಠೀರವದಲ್ಲಿ ಅಥ್ಲೆಟಿಕ್ ಟ್ರ್ಯಾಕ್ ಇರುವುದರಿಂದ ಉದ್ದನೆಯ ಥ್ರೋಗೆ ಓಡಿ ಬರಲು ಜಾಗ ಸಿಗುತ್ತದೆ. ಜಾಹೀರಾತು ಫಲಕ ಗೆರೆಗೆ ಅಂಟಿಕೊಂಡಿರುವ ಕಡೆ ಅದೇ ಆಟಗಾರನ ಥ್ರೋ ಮೊದಲ ಕಂಬದವರೆಗೂ ಮುಟ್ಟುವುದಿಲ್ಲ.

ನಿಂತ ಚೆಂಡಿನ, ಅಂದರೆ ಕಾರ್ನರ್ ಮತ್ತು ಫ್ರೀ ಕಿಕ್‌ಗಳ ಬಗ್ಗೆ ಕಂಠೀರವ ಕಲಿಸಿದ ಪಾಠಗಳು ಎರಡು, ಎರಡೂ ಕಹಿ. ಒಂದು ನಮಗೆ, ಇನ್ನೊಂದು ಬಂದವರಿಗೆ. 2018ರ ಮಾರ್ಚ್ 17ರ ಐಎಸ್‌ಎಲ್ ಫೈನಲ್‌ನಲ್ಲಿ ಸುನಿಲ್ ಛೆಟ್ರಿ ಆರಂಭದಲ್ಲೇ ಗೋಲು ಹೊಡೆದರೂ, ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಎರಡು ಕಾರ್ನರ್‌ಗಳಿಗೆ ಎರಡು ಸಲ ತಲೆಕೊಟ್ಟು ಪಂದ್ಯ ತಿರುಗಿಸಿದ. ಕೊನೆಗೆ 2-3. ಹೊರಗಿನಿಂದ ಬಂದ ತಂಡಕ್ಕೆ ಚೆಂಡು ಕಡಿಮೆ ಸಿಗುತ್ತದೆ, ಆದರೆ ಕಾರ್ನರ್‌ಗೆ ಎಲ್ಲ ಮೈದಾನವೂ ಒಂದೇ. ಹೀಗಾಗಿ ಹೊರಗಿನ ಹನ್ನೊಂದರಲ್ಲಿ ಹೆಡ್ ಮಾಡಬಲ್ಲ ನಾಲ್ವರು ಇರಲೇಬೇಕು, ಮೂವರಿದ್ದರೆ ಎದುರಾಳಿಯ ಒಳ್ಳೆಯ ಹೆಡರ್ ಒಬ್ಬ ಬಿಡುವಾಗಿ ಸಿಗುತ್ತಾನೆ. ಎರಡನೆಯದು 2023ರ ಮಾರ್ಚ್ 3ರದು. ಹೆಚ್ಚುವರಿ ಅವಧಿಯಲ್ಲಿ ಕೇರಳ ಬ್ಲಾಸ್ಟರ್ಸ್ ಚೆಂಡಿನ ಮುಂದೆ ಆಟಗಾರರ ಗೋಡೆ ಕಟ್ಟಿಕೊಳ್ಳುವ ಮೊದಲೇ ಛೆಟ್ರಿ ಫ್ರೀ ಕಿಕ್ ಹೊಡೆದರು, ರೆಫರಿ ಗೋಲು ಕೊಟ್ಟರು, ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೊರಟೇ ಹೋಯಿತು. ಅದು ಸರಿಯೋ ತಪ್ಪೋ ಎಂಬ ಜಗಳ ಈಗಲೂ ಮುಗಿದಿಲ್ಲ. ಕೋಚ್‌ಗೆ ಬೇಕಾದದ್ದು ಇಷ್ಟೇ: ರೆಫರಿ ಸೀಟಿಗೆ ಕಾಯಿರಿ ಎಂದು ಹೇಳುವವರೆಗೆ ಯಾರೂ ಚೆಂಡಿಗೆ ಬೆನ್ನು ಮಾಡಬಾರದು, ಗೋಲ್‌ಕೀಪರ್ ಗೋಡೆ ಸರಿಪಡಿಸಲು ಕಂಬದ ಬಳಿ ಹೋಗಬಾರದು.

ಎರಡು ಹಂತದ ಪಂದ್ಯಗಳಲ್ಲಿ ಈಗ ಲೆಕ್ಕ ಸರಳ. ಹೊರಗಿನ ಗೋಲಿಗೆ ಹೆಚ್ಚು ಬೆಲೆ ಎಂಬ ನಿಯಮವನ್ನು ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ 2021ರಲ್ಲಿ ಕೈಬಿಟ್ಟಿತು. ಅದು ಕೊಟ್ಟ ಅಂಕಿಗಳ ಪ್ರಕಾರ 1970ರ ದಶಕದ ಮಧ್ಯಭಾಗದಲ್ಲಿ ಶೇ 61ರಷ್ಟಿದ್ದ ತವರಿನ ಗೆಲುವು ಶೇ 47ಕ್ಕೆ ಇಳಿದಿತ್ತು, ಹೊರಗಿನ ಗೆಲುವು ಶೇ 19ರಿಂದ 30ಕ್ಕೆ ಏರಿತ್ತು. ಆ ನಿಯಮ ಇದ್ದಾಗ ತವರಿನ ಮೊದಲ ಪಂದ್ಯದಲ್ಲಿ ಗೋಲು ಬಿಟ್ಟುಕೊಡದಿರುವುದೇ ದೊಡ್ಡದಾಗಿತ್ತು. ಈಗ ಹೊರಗೆ ಒಂದು ಗೋಲಿನಿಂದ ಸೋತು ಬಂದರೂ ಆಟ ಮುಗಿದಿರುವುದಿಲ್ಲ, 0-2 ಆಗಿದ್ದಾಗ ಮೂರನೆಯದನ್ನು ತಡೆಯುವುದರ ಜೊತೆಗೆ ಒಂದನ್ನು ಹುಡುಕುವುದೂ ಅಷ್ಟೇ ಮುಖ್ಯ. 2025ರ ಏಪ್ರಿಲ್‌ನ ಐಎಸ್‌ಎಲ್ ಸೆಮಿಫೈನಲ್‌ನಲ್ಲಿ ಗೋವಾದ ಫತೋರ್ಡಾದಲ್ಲಿ ಆದದ್ದು ಅದೇ. ಕಂಠೀರವದಲ್ಲಿ 2-0 ಗೆದ್ದು ಹೋಗಿದ್ದ ಬೆಂಗಳೂರಿಗೆ ಎಫ್‌ಸಿ ಗೋವಾ 88ನೇ ನಿಮಿಷಕ್ಕೆ ಎರಡೂ ಗೋಲು ವಾಪಸ್ ಕೊಟ್ಟಿತ್ತು. ತೊಂಬತ್ತರ ಮೇಲೆ ಸೇರಿಸಿದ ನಿಮಿಷಗಳಲ್ಲಿ ನಾಮ್‌ಗ್ಯಾಲ್ ಭುಟಿಯಾ ಹಾಕಿದ ಕ್ರಾಸ್‌ಗೆ ಛೆಟ್ರಿ ತಲೆಕೊಟ್ಟರು, ಒಟ್ಟು 3-2. ಕ್ರಾಸ್ ಹಾಕಲು ಒಬ್ಬ, ಬಾಕ್ಸಿನಲ್ಲಿ ಒಬ್ಬ ಆ ಹೊತ್ತಿನಲ್ಲೂ ಮುಂದೆ ಇದ್ದರು ಎಂಬುದನ್ನು ಗಮನಿಸಿ. ಐದು ಬದಲಾವಣೆಗಳನ್ನು ಆಟದ ನಡುವೆ ಮೂರೇ ಸಲ ಮಾಡಬಹುದಾದ್ದರಿಂದ, ಹೊರಗೆ ಆಡುವಾಗ ಮೂರನೆಯ ಅವಕಾಶವನ್ನು 75ನೇ ನಿಮಿಷದ ಮೊದಲು ಮುಟ್ಟಬೇಡಿ.

ಬೆಂಗಳೂರಿನ ಸ್ಥಳೀಯ ಲೀಗ್‌ನ ಹುಡುಗರಿಗೆ ಇದೆಲ್ಲ ದೂರದ ಮಾತಾಗಿ ಕಾಣುತ್ತದೆ. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನ ಅದೇ ಕೃತಕ ಹುಲ್ಲಿನ ಮೇಲೆ ಎಲ್ಲ ತಂಡಗಳೂ ಆಡುವುದರಿಂದ ತವರು-ಹೊರಗು ಎಂಬುದೇ ಇಲ್ಲ. ಅಲ್ಲಿಂದ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಗೋ ರಾಷ್ಟ್ರೀಯ ಲೀಗ್‌ನ ತಂಡಕ್ಕೋ ಹೋದವರು ಮೊದಲ ಸಲ ಬೇರೆ ನೆಲ, ಬೇರೆ ಗದ್ದಲ ಕಂಡು ತಬ್ಬಿಬ್ಬಾಗುತ್ತಾರೆ. ಅಭ್ಯಾಸದಲ್ಲಿ ಇದನ್ನು ಸ್ವಲ್ಪ ಮಟ್ಟಿಗೆ ತುಂಬಿಕೊಳ್ಳಬಹುದು. ವಾರಕ್ಕೊಮ್ಮೆ ಮಣ್ಣಿನ ಅಥವಾ ನಿಜವಾದ ಹುಲ್ಲಿನ ಮೈದಾನಕ್ಕೆ ಕರೆದೊಯ್ಯಿರಿ. ಎಂಟೆಂಟು ಜನರ ಆಟದಲ್ಲಿ ಇಪ್ಪತ್ತು ನಿಮಿಷ ಬಾಯಿ ಬಿಡಬಾರದು ಎಂದು ನಿಯಮ ಮಾಡಿ, ಟಚ್‌ಲೈನ್‌ನಲ್ಲಿ ದೊಡ್ಡ ಸ್ಪೀಕರ್ ಹಾಕಿ. ಒಂದು ತಂಡಕ್ಕೆ ಮೊದಲೇ ಎರಡು ಗೋಲು ಕೊಟ್ಟು ಶುರು ಮಾಡಿ, ಆ ತಂಡದ ಡಿಫೆನ್ಸ್ ಸಾಲು ಎಷ್ಟನೇ ನಿಮಿಷದಲ್ಲಿ ಹಿಂದೆ ಸರಿಯಿತು ಎಂದು ಬರೆದಿಟ್ಟುಕೊಳ್ಳಿ. ಸರಿದ ಕೂಡಲೇ ಆಟ ನಿಲ್ಲಿಸಿ, ಎಲ್ಲರೂ ನಿಂತಲ್ಲೇ ನಿಲ್ಲಲಿ, ಸ್ಟ್ರೈಕರ್‌ನಿಂದ ಕೊನೆಯ ಡಿಫೆಂಡರ್‌ವರೆಗೆ ಹೆಜ್ಜೆ ಹಾಕಿ ಅಳೆಯಿರಿ.