ಚೇಳಿನ ದಿಕ್ಕಿನಲ್ಲಿ

ಮಳೆ ಬಿಡುವು ಕೊಟ್ಟದ್ದರಿಂದ ನಿನ್ನೆ ರಾತ್ರಿ ಪುಣೆಯ ನಮ್ಮ ತಾರಸಿಯಿಂದ, ನೀರಿನ ಟ್ಯಾಂಕಿನ ಮೇಲೆ, ವೃಶ್ಚಿಕದ ಕೆಂಪು ಜ್ಯೇಷ್ಠಾ ನಕ್ಷತ್ರ ಕಂಡಿತು. ಸೂರ್ಯನನ್ನು ಬಿಟ್ಟರೆ ನಮ್ಮ ಆಕಾಶದಲ್ಲಿ ಸದಾ ಅತಿ ಪ್ರಖರವಾಗಿರುವ ಎಕ್ಸ್-ಕಿರಣಗಳ ಆಕರ, ಸ್ಕಾರ್ಪಿಯಸ್ ಎಕ್ಸ್-1, ಅದೇ ರಾಶಿಯಲ್ಲಿದ್ದರೂ ಬರಿಗಣ್ಣಿಗೆ ಕಾಣುವುದಿಲ್ಲ. ನ್ಯೂಟ್ರಾನ್ ನಕ್ಷತ್ರವೊಂದು (ಸತ್ತ ದೊಡ್ಡ ನಕ್ಷತ್ರದ ಅತಿ ಸಾಂದ್ರ ತಿರುಳು) ಜೊತೆಗಾರ ನಕ್ಷತ್ರದಿಂದ ಸೆಳೆದುಕೊಂಡ ಅನಿಲ ಕಾದು ಹೊಮ್ಮಿಸುವ ಆ ಕಿರಣಗಳನ್ನು ವಾಯುಮಂಡಲವೇ ಹೀರಿಕೊಳ್ಳುವುದರಿಂದ, 1962ರಲ್ಲಿ ಚಂದ್ರನ ಎಕ್ಸ್-ಕಿರಣ ಹುಡುಕಲೆಂದು ಕೆಲವೇ ನಿಮಿಷ ಮೇಲೇರಿದ್ದ ರಾಕೆಟ್ಟಿಗೆ ಅದು ಆಕಸ್ಮಿಕವಾಗಿ ಸಿಕ್ಕಿತು. 1970ರಲ್ಲಿ ಹಾರಿದ ಉಹುರು ಉಪಗ್ರಹ ಇಡೀ ಆಕಾಶವನ್ನು ತಡಕಿ 339 ಆಕರಗಳ ಪಟ್ಟಿಯನ್ನೇ ಕೊಟ್ಟಿತು. ನಮ್ಮ ದೇಶದ ಖಗೋಳ ವೀಕ್ಷಣಾ ಉಪಗ್ರಹ ಆಸ್ಟ್ರೋಸ್ಯಾಟ್ 2015ರಲ್ಲಿ ಹೋಯಿತು. ಅದರ ಒಂದು ಉಪಕರಣದ ದತ್ತಾಂಶ ಕೇಂದ್ರ ಇದೇ ಊರಿನ ಖಗೋಳ ಸಂಶೋಧನಾ ಸಂಸ್ಥೆ ಆಯುಕಾದಲ್ಲಿದೆ. ಧಾರವಾಡದಿಂದ ಬಂದಿರುವ ಅವ್ವ, "ಕಾಣಲಾರದ್ದನ್ನ ಏನ್ ನೋಡ್ತೀಯೋ?" ಎಂದವಳು, ನಾನು ತೋರಿಸಿದ ಖಾಲಿ ಜಾಗವನ್ನು ಬಹಳ ಹೊತ್ತು ನೋಡುತ್ತಲೇ ನಿಂತಿದ್ದಳು.